ಮನೆಗೆಲಸಕ್ಕೂ ಒಂದು ಒಳ್ಳೆ ಮಾತು ಬೇಕು: ಕೇಳುವುದು ಹೇಗೆ, ಹೇಳುವುದು ಹೇಗೆ

ಒಂದು ದೋಸೆ ತಟ್ಟೆಗೆ ಬರಬೇಕಾದರೆ ಅದರ ಕೆಲಸ ಹಿಂದಿನ ದಿನ ಮಧ್ಯಾಹ್ನವೇ ಶುರುವಾಗಿರುತ್ತದೆ. ಅಕ್ಕಿ, ಉದ್ದು, ಒಂದು ಚಮಚ ಮೆಂತ್ಯ ತೊಳೆದು ನೆನೆಹಾಕಬೇಕು. ಸಂಜೆ ಕರೆಂಟ್ ಇರುವ ಹೊತ್ತು ನೋಡಿ ರುಬ್ಬಬೇಕು. ಗ್ರೈಂಡರ್ ತೊಳೆಯುವುದೇ ಒಂದು ದೊಡ್ಡ ಕೆಲಸ. ಡಿಸೆಂಬರ್ ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ ಅಂತ ಪಾತ್ರೆಗೆ ಬಟ್ಟೆ ಸುತ್ತಿ ಬೆಚ್ಚಗಿರುವ ಕಡೆ ಇಡಬೇಕು. ಬೆಳಿಗ್ಗೆ ಎದ್ದು ಕಾಯಿ ತುರಿದು ಚಟ್ನಿ ಮಾಡಬೇಕು. ಆಮೇಲೆ ಕಾವಲಿ ಮುಂದೆ ಮುಕ್ಕಾಲು ಗಂಟೆ ನಿಲ್ಲಬೇಕು. ತಿನ್ನುವವರಿಗೆ ಹತ್ತು ನಿಮಿಷ ಸಾಕು.

ನಾಲ್ಕು ವರ್ಷದ ಹಿಂದೆ, ಒಂದು ಭಾನುವಾರ. ಮನೆಯಲ್ಲಿ ಎಲ್ಲರೂ ದೋಸೆ ತಿಂದು ಎದ್ದು ಹೋದರು. ನಾನು ಕಡೆಯ ದೋಸೆ ಹುಯ್ದುಕೊಂಡು ಕೂತಾಗ ಚಟ್ನಿ ತಳ ಕಂಡಿತ್ತು. ಆಗ ರೂಮಿನಿಂದ ಇವರು, "ಚಟ್ನಿಗೆ ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು ಇವತ್ತು" ಅಂದರು. ಬೈದಿದ್ದೇನಲ್ಲ, ನಿಜವನ್ನೇ ಹೇಳಿದ್ದರು. ಆದರೆ ಹಿಂದಿನ ದಿನದಿಂದ ಮಾಡಿದ ಅಷ್ಟೂ ಕೆಲಸಕ್ಕೆ ಆ ಮನೆಯಲ್ಲಿ ಬಂದ ಒಂದೇ ಒಂದು ಮಾತು ಅದು. ತಟ್ಟೆ ಮುಂದಿಟ್ಟುಕೊಂಡು ಅತ್ತುಬಿಟ್ಟೆ.

ಆ ದಿನದಿಂದ ಈಚೆಗೆ ನಮ್ಮ ಮನೆಯಲ್ಲಿ ನಿಧಾನವಾಗಿ ಏನೇನು ಬದಲಾಯಿತು, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲೇ ಇರುವವರಿಗೂ, ಹೊರಗೆ ದುಡಿದು ಬಂದು ಮತ್ತೆ ಒಲೆ ಮುಂದೆ ನಿಲ್ಲುವವರಿಗೂ ಇದು ಅನ್ವಯಿಸುತ್ತದೆ. ಅಡುಗೆಮನೆ ನೋಡಿಕೊಳ್ಳುವ ಗಂಡಸರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಮೊದಲು: ಬೇಕು ಅನ್ನಿಸುವುದು ತಪ್ಪಲ್ಲ

"ಮನೆ ಕೆಲಸಕ್ಕೆಲ್ಲ ಹೊಗಳಿಕೆ ಯಾಕೆ? ನಮ್ಮ ಮನೆ, ನಾವು ಮಾಡ್ಕೋತೀವಿ." ಈ ಮಾತು ಬೇರೆಯವರು ಹೇಳುವ ಮೊದಲು ನಮ್ಮೊಳಗೇ ಬರುತ್ತದೆ. ಹಾಗಾಗಿ ಇಲ್ಲಿಂದಲೇ ಶುರು ಮಾಡಬೇಕು.

ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಹೊಗಳಿಕೆ ಸಿಗದಿದ್ದರೂ ಆ ಸಂಬಳವೇ 'ನಿನ್ನ ಕೆಲಸ ಲೆಕ್ಕಕ್ಕೆ ಬಂತು' ಅಂತ ಹೇಳುತ್ತದೆ. ಮನೆಗೆಲಸಕ್ಕೆ ಸಂಬಳವಿಲ್ಲ, ಬಡ್ತಿಯಿಲ್ಲ, ರಿಟೈರ್‌ಮೆಂಟೂ ಇಲ್ಲ. ಇನ್ನೊಂದು ಕಷ್ಟ ಅಂದರೆ ಮಾಡಿದ ಕೆಲಸ ಉಳಿಯುವುದೇ ಇಲ್ಲ. ಒರೆಸಿದ ನೆಲ ಸಂಜೆಗೆ ಧೂಳಾಗುತ್ತದೆ. ಓವರ್‌ಹೆಡ್ ಟ್ಯಾಂಕ್ ದಿನಾ ತುಂಬಿದ್ದರೆ ಮೋಟರ್ ಹಾಕಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ಒಂದು ದಿನ ನಲ್ಲಿಯಲ್ಲಿ ನೀರು ಬರದಿದ್ದರೆ ಮಾತ್ರ ಮನೆಯೆಲ್ಲ ಕೂಗುತ್ತದೆ. ಹೀಗೆ ತಪ್ಪಿದ್ದು ಮಾತ್ರ ಕಣ್ಣಿಗೆ ಬೀಳುವ ಕೆಲಸಕ್ಕೆ ಬಾಯಿಮಾತಿನ ಮನ್ನಣೆಯೂ ಸಿಗದಿದ್ದರೆ, ಮಾಡುವವರ ಪಾಲಿಗೆ ಉಳಿಯುವುದು ಬರೀ ದೂರುಗಳೇ.

ಕೆಲಸದ ಪ್ರಮಾಣವೂ ಸಣ್ಣದಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲೇ ಕಳೆಯುತ್ತಾರೆ. ಹಾಗೆ ಮನೆಗೆಲಸ ಮಾಡುವ ಗಂಡಸರ ಸರಾಸರಿ 88 ನಿಮಿಷ. ಅದೂ ಕೆಲಸಕ್ಕೆ ಕೈ ಹಾಕಿದವರ ಲೆಕ್ಕ ಮಾತ್ರ. 2019ರ ಸಮೀಕ್ಷೆಯಲ್ಲಿ ಕೇಳಿದ ದಿನ ಮನೆಗೆಲಸ ಮಾಡಿದ್ದ ಹೆಂಗಸರು ಶೇ. 81, ಗಂಡಸರು ಶೇ. 26. 289 ನಿಮಿಷ ಅಂದರೆ ಹತ್ತಿರ ಹತ್ತಿರ ಐದು ಗಂಟೆ. ಭಾನುವಾರ, ಹಬ್ಬ, ಜ್ವರ ಯಾವುದಕ್ಕೂ ಅದರಲ್ಲಿ ರಜೆಯಿಲ್ಲ.

ಹೆಜ್ಜೆ 1: ನಿಮಗೆ ಬೇಕಾಗಿರುವುದು ಮಾತೋ, ಕೈಯೋ, ಬಿಡುವೋ?

ಇದನ್ನು ಬಿಟ್ಟು ಮುಂದೆ ಹೋದರೆ ಎಲ್ಲ ಹಾಳಾಗುತ್ತದೆ. ನಾನು ಮೊದಲು ಎಡವಿದ್ದು ಇಲ್ಲೇ. 'ನನ್ನನ್ನು ಯಾರೂ ಗುರುತಿಸುವುದಿಲ್ಲ' ಅಂತ ಅತ್ತೆ. ಮನೆಯವರು ಪಾಪ, ಎರಡು ವಾರ "ಸಾರು ಸೂಪರ್" ಅಂದರು. ನನಗೆ ಇನ್ನೂ ಸಿಟ್ಟು ಬಂತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಹೀಗೆ ಪರೀಕ್ಷೆ ಮಾಡಿ ನೋಡಿ. ಕಣ್ಣು ಮುಚ್ಚಿ, ಮನೆಯವರೆಲ್ಲ ನಿಮ್ಮ ಅಡುಗೆ ಹೊಗಳಿ, ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋದರು ಅಂದುಕೊಳ್ಳಿ. ಮನಸ್ಸು ಹಗುರ ಆಯಿತಾ? ಆಗಿದ್ದರೆ ನಿಮಗೆ ಬೇಕಾಗಿರುವುದು ಮಾತು. ಸಿಟ್ಟು ಬಂದರೆ ನಿಮಗೆ ಬೇಕಾಗಿರುವುದು ಇನ್ನೊಂದು ಜೊತೆ ಕೈ. ಈಗ ಬೇರೆ ಥರ ಯೋಚಿಸಿ: ಯಾರೂ ಏನೂ ಹೇಳಲಿಲ್ಲ, ಆದರೆ ನೀವು ಎದ್ದು ನೋಡುವಷ್ಟರಲ್ಲಿ ಪಾತ್ರೆ ತೊಳೆದು, ಕಟ್ಟೆ ಒರೆಸಿ ಇಟ್ಟಿದ್ದಾರೆ. ಇದಕ್ಕೆ ಕಣ್ಣು ತುಂಬಿ ಬಂದರೆ ಉತ್ತರ ಸಿಕ್ಕಿತು. ಎರಡೂ ಬೇಡ, ಬಾಗಿಲು ಹಾಕಿಕೊಂಡು ಎರಡು ಗಂಟೆ ಸುಮ್ನೆ ಮಲಗಿದರೆ ಸಾಕು ಅನ್ನಿಸಿದರೆ ನಿಮಗೆ ಬೇಕಾಗಿರುವುದು ಬಿಡುವು.

ಹೆಚ್ಚಿನವರಿಗೆ ಮೂರೂ ಬೇಕಿರುತ್ತದೆ, ಸರಿ. ಆದರೆ ಯಾವುದು ಮೊದಲು ಅಂತ ಗೊತ್ತಿರಬೇಕು. ಕೈ ಬೇಕಾದಾಗ ಮಾತು ಕೇಳಿದರೆ ಮನೆಯವರು ಮಾತು ಕೊಟ್ಟು, 'ಕೇಳಿದ್ದು ಕೊಟ್ಟೆವಲ್ಲ' ಅಂದುಕೊಳ್ಳುತ್ತಾರೆ.

ಹೆಜ್ಜೆ 2: ಒಂದು ವಾರ ಬರೆದಿಡಿ

ಹಾಲಿನ ಲೆಕ್ಕ ಬರೆಯುವ ಪುಸ್ತಕ ಇದ್ದರೆ ಅದರ ಹಿಂದಿನ ಹಾಳೆ ಸಾಕು. ಸರ್ಕಾರದ ಸಮೀಕ್ಷೆಯಲ್ಲಿ ಬೆಳಗಿನ ಜಾವ 4 ಗಂಟೆಯಿಂದ ಮಾರನೇ ದಿನ 4 ಗಂಟೆಯವರೆಗೆ ಅರ್ಧರ್ಧ ಗಂಟೆಯ ಲೆಕ್ಕ ಕೇಳುತ್ತಾರೆ. ನೀವೂ ಹಾಗೇ ಮಾಡಬಹುದು. ಅಷ್ಟು ಕಷ್ಟ ಅನ್ನಿಸಿದರೆ ತಿಂಡಿ ಆದಮೇಲೆ, ಊಟ ಆದಮೇಲೆ, ಮಲಗುವ ಮುಂಚೆ, ಹೀಗೆ ಮೂರು ಸಲ ಕೂತು ಬರೆಯಿರಿ.

ಕೈಯಲ್ಲಿ ಮಾಡಿದ್ದನ್ನು ಎಲ್ಲರೂ ಬರೆಯುತ್ತಾರೆ. ತಲೆಯಲ್ಲಿ ಮಾಡಿದ್ದನ್ನು ಬಿಟ್ಟುಬಿಡುತ್ತಾರೆ. ಅದನ್ನೇ ಜಾಸ್ತಿ ಗಮನ ಕೊಟ್ಟು ಬರೆಯಬೇಕು. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬರುತ್ತದೆ ಅನ್ನುವ ಅಂದಾಜು. ಮಾವನ ಬಿಪಿ ಮಾತ್ರೆ ಇನ್ನು ನಾಲ್ಕೇ ಉಳಿದಿದೆ ಅನ್ನುವ ನೆನಪು. ನಾಳೆ ಮಗಳಿಗೆ ಚಾರ್ಟ್ ಪೇಪರ್ ಬೇಕು ಅಂತ ರಾತ್ರಿ ಒಂಬತ್ತಕ್ಕೆ ಹೊಳೆಯುವುದು. ಯಾರ ಮನೆ ಗೃಹಪ್ರವೇಶಕ್ಕೆ ನಾವು ಏನು ಕೊಟ್ಟಿದ್ದೆವು, ಅವರು ನಮಗೆ ಏನು ಕೊಟ್ಟಿದ್ದರು ಅನ್ನುವುದು. ಮೊಸರಿಗೆ ಹೆಪ್ಪು ಹಾಕಿದೆನಾ ಅಂತ ಹಾಸಿಗೆಯಿಂದ ಎದ್ದು ಹೋಗಿ ನೋಡುವುದು. ಇದಕ್ಕೆ ನಿಮಿಷದ ಲೆಕ್ಕ ಸಿಗುವುದಿಲ್ಲ, ಆದರೂ ಬರೆಯಿರಿ.

ಇದೆಲ್ಲ ಪಟ್ಟಿ ಮಾಡುವಂಥದ್ದಾ ಅಂತ ಸಂಕೋಚ ಆದರೆ ಒಂದು ವಿಷಯ ನೆನಪಿಟ್ಟುಕೊಳ್ಳಿ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರದ ತೀರ್ಪು ಕೊಟ್ಟಿತು. ಅದರಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಗೃಹಿಣಿಯ ಕೆಲಸಗಳನ್ನು ಒಂದೊಂದಾಗಿ ಹೆಸರಿಸಿದ್ದಾರೆ: ಅಡುಗೆ, ಸಾಮಾನು ತರುವುದು, ಮನೆ ಚೊಕ್ಕ ಮಾಡುವುದು, ಮಕ್ಕಳ ಮತ್ತು ವಯಸ್ಸಾದವರ ಆರೈಕೆ, ಖರ್ಚು ತೂಗಿಸುವುದು, ಹಳ್ಳಿಯಲ್ಲಾದರೆ ಬಿತ್ತನೆ, ಕೊಯ್ಲು, ದನಕರು. ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಅಂತ 2011ರ ಜನಗಣತಿಯಲ್ಲಿ ಹೇಳಿದವರು ಸುಮಾರು 15.98 ಕೋಟಿ ಹೆಂಗಸರು, ಗಂಡಸರು 57.9 ಲಕ್ಷ ಮಾತ್ರ ಅನ್ನುವ ಅಂಕಿಯನ್ನೂ ಅಲ್ಲಿ ಕೊಟ್ಟಿದ್ದಾರೆ. ದೇಶದ ದೊಡ್ಡ ನ್ಯಾಯಾಲಯವೇ ಕೂತು ಪಟ್ಟಿ ಮಾಡಿದ ಮೇಲೆ ನಮಗೇಕೆ ಸಂಕೋಚ?

ಈ ಹಾಳೆ ನಿಮಗಾಗಿ. ಗಂಡನ ಮುಂದೆ ಹಿಡಿದು "ನೋಡಿ ಇಲ್ಲಿ" ಅನ್ನುವುದಕ್ಕಲ್ಲ. ಹಾಗೆ ಹಿಡಿದ ಕ್ಷಣ ಅದು ಜಗಳದ ಸಾಕ್ಷಿಯಾಗುತ್ತದೆ.

ಹೆಜ್ಜೆ 3: ಪಕ್ಕದ ಹಾಳೆಯಲ್ಲಿ ಬೇರೆಯವರದ್ದೂ ಬರೆಯಿರಿ

ಇದು ನನಗೆ ಕಷ್ಟವಾದ ಹೆಜ್ಜೆ. ಆದರೆ ಒಳ್ಳೆ ಫಲ ಕೊಟ್ಟ ಹೆಜ್ಜೆಯೂ ಹೌದು.

1979ರಲ್ಲಿ ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಮಾಡಿದರು. ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆಯಾಗಿ, ಮನೆಯ ಯಾವ ಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೇಳಿದರು. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಜೋಡಿಗಳಲ್ಲಿ ನೂರನ್ನು ದಾಟಿತು. ಯಾರೂ ಸುಳ್ಳು ಹೇಳಿರಲಿಲ್ಲ. ನಾವು ಮಾಡಿದ್ದು ನಮಗೆ ಚೆನ್ನಾಗಿ ನೆನಪಿರುತ್ತದೆ, ಬೇರೆಯವರು ಮಾಡಿದ್ದಕ್ಕೆ ನಾವು ಎದುರಿಗೇ ಇರುವುದಿಲ್ಲ. ಅಷ್ಟೇ. ಇದರಿಂದ ಇಬ್ಬರೂ ಸಮನಾಗಿ ದುಡಿಯುತ್ತಾರೆ ಅಂತ ಆಗುವುದಿಲ್ಲ, ಮೇಲಿನ 289 ಮತ್ತು 88 ಹಾಗೇ ಇದೆ. ಆದರೆ ಎಲ್ಲರ ಕಣ್ಣಿಂದಲೂ ಏನೋ ಒಂದು ತಪ್ಪಿಹೋಗುತ್ತಿರುತ್ತದೆ.

ನನ್ನ ಕಣ್ಣಿಂದ ತಪ್ಪಿದ್ದು ನಮ್ಮ ಅತ್ತೆ. ಅವರಿಗೆ ಎಪ್ಪತ್ತನಾಲ್ಕು ವರ್ಷ. ಮಂಡಿ ನೋವು, ಜಾಸ್ತಿ ಹೊತ್ತು ನಿಲ್ಲಲಾರರು. ಅವರು ಕೆಲಸ ಮಾಡುತ್ತಾರೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಬರೆಯಲು ಕೂತಾಗ ಕಂಡಿತು: ಸೊಪ್ಪು ಬಿಡಿಸಿದ್ದು, ಬೆಳ್ಳುಳ್ಳಿ ಸುಲಿದದ್ದು, ಒಣಗಿದ ಬಟ್ಟೆ ಮಡಚಿ ಯಾರ್ಯಾರದ್ದು ಅಂತ ಬೇರೆ ಮಾಡಿಟ್ಟದ್ದು, ಕಸದ ಗಾಡಿ ಬಂದಾಗ ಕೂಗಿ ಹೇಳಿದ್ದು. ಅದು ಅವರೆಕಾಯಿ ಕಾಲ. ಎರಡು ಕೆ.ಜಿ. ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದೇ ಹಿಸುಕಿ ಕೊಟ್ಟಿದ್ದರು. ಹಿತಕಿದ ಬೇಳೆ ಸಾರು ಮಾಡಿ ಎಲ್ಲರಿಂದ ಹೊಗಳಿಸಿಕೊಳ್ಳಬೇಕು ಅಂತ ಆಸೆ ಪಟ್ಟವಳು ನಾನು!

ಆ ರಾತ್ರಿ ಬಡಿಸುವಾಗ, "ಅತ್ತೆ, ನೀವು ಅಷ್ಟು ಕಾಳು ಹಿಸುಕಿ ಕೊಡದೆ ಇದ್ದಿದ್ರೆ ಇವತ್ತು ಈ ಸಾರೇ ಇರ್ತಿರಲಿಲ್ಲ" ಅಂದೆ. "ಅದಕ್ಕೇನಮ್ಮ, ಸುಮ್ನೆ ಕೂತಿರ್ತೀನಲ್ಲ" ಅಂದು ತಲೆ ತಗ್ಗಿಸಿ ಊಟ ಮಾಡಿದರು. ಮಾರನೇ ದಿನ ಬೆಳಿಗ್ಗೆ ತಂಗಿಯ ಜೊತೆ ಫೋನಿನಲ್ಲಿ ಆ ಮಾತನ್ನು ಅಕ್ಷರ ಬಿಡದೆ ಹೇಳುತ್ತಿದ್ದದ್ದು ಅಡುಗೆಮನೆಗೆ ಕೇಳಿಸಿತು.

ಅವತ್ತಿನಿಂದ ನನ್ನ ಸಲಹೆ ಇದು. ಕೇಳುವ ಮೊದಲು ಒಂದು ವಾರ ನೀವು ಹೇಳಿ. ವ್ಯಾಪಾರದ ಲೆಕ್ಕದಲ್ಲಿ ಅಲ್ಲ. ಮನೆಯಲ್ಲಿ ಆ ಥರದ ಮಾತು ಓಡಾಡಲು ಶುರುವಾದರೆ ಆಮೇಲೆ ನೀವು ಕೇಳುವುದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಹೆಜ್ಜೆ 4: ಬಾಯಿಬಿಟ್ಟು ಕೇಳಿ

ಹೊತ್ತು ನೋಡಿ ಕೇಳಬೇಕು. ಬಡಿಸುವಾಗ ಬೇಡ, ಹಸಿದವರಿಗೆ ಕಿವಿ ಇರುವುದಿಲ್ಲ. ರಾತ್ರಿ ಪಾತ್ರೆ ತೊಳೆಯುತ್ತಾ ಬೇಡ, ಆಗ ನಿಮ್ಮ ದನಿಯಲ್ಲಿ ಇಡೀ ದಿನದ ದಣಿವು ಇರುತ್ತದೆ. ನೆಂಟರ ಎದುರಿಗಂತೂ ಬೇಡವೇ ಬೇಡ. ಸಂಜೆ ಕಾಫಿ ಹೊತ್ತು ಒಳ್ಳೆಯದು. ಇಬ್ಬರೇ ತರಕಾರಿ ತರಲು ಹೋಗುವಾಗಲೂ ಸರಿ. ಮುಖ ಮುಖ ನೋಡಿಕೊಂಡು ಕೂತು ಹೇಳುವುದಕ್ಕಿಂತ ಜೊತೆಗೆ ನಡೆಯುತ್ತಾ ಹೇಳುವುದು ಸುಲಭ.

"ಈ ಮನೇಲಿ ನಾನು ಮಾಡೋದು ಯಾರಿಗೂ ಕಾಣಲ್ಲ" ಅಂದರೆ ಕೇಳಿದವರು ತಮ್ಮನ್ನು ಕಾಪಾಡಿಕೊಳ್ಳಲು ಶುರು ಮಾಡುತ್ತಾರೆ. "ಯಾಕೆ, ಮೊನ್ನೆ ಹೇಳಲಿಲ್ವಾ" ಅನ್ನುತ್ತಾರೆ. ಮಾತು ಲೆಕ್ಕಕ್ಕೆ ಹೋಗುತ್ತದೆ. ಒಂದೇ ಕೆಲಸ ಹಿಡಿದು, ಏನು ಬೇಕು ಅಂತ ನೇರವಾಗಿ ಹೇಳಿ. ನಾನು ಹೇಳಿದ್ದು ಹೀಗೆ:

"ರೀ, ತಪ್ಪು ಹುಡುಕ್ತಿಲ್ಲ, ಒಂದು ಆಸೆ ಹೇಳ್ತಿದೀನಿ. ಬೆಳಿಗ್ಗೆ ಐದೂವರೆಗೆ ಎದ್ದು ಮೂರು ಡಬ್ಬಿ ಕಟ್ತೀನಲ್ವಾ? ಸಂಜೆ ಬಂದಾಗ ಡಬ್ಬಿ ಹೇಗಿತ್ತು ಅಂತ ನೀವಾಗೇ ಒಂದು ಮಾತು ಹೇಳಿ. ಚೆನ್ನಾಗಿಲ್ಲದೆ ಇದ್ರೆ ಅದನ್ನೂ ಹೇಳಿ. ಆದ್ರೆ ಏನಾದ್ರೂ ಹೇಳಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಬ್ಬಿ ಖಾಲಿ ಮಾಡ್ಕೊಂಡು ಬರ್ತೀನಲ್ಲ, ಅದರಲ್ಲೇ ಗೊತ್ತಾಗಲ್ವಾ?" ಅಂದರು. ಅವರ ಪಾಲಿಗೆ ಖಾಲಿ ಡಬ್ಬಿಯೇ ಮೆಚ್ಚುಗೆ ಆಗಿತ್ತು. ಹದಿನಾರು ವರ್ಷ ಅವರು ದಿನಾ ಹೇಳುತ್ತಲೇ ಇದ್ದರು, ಅವರ ಭಾಷೆಯಲ್ಲಿ. ನಾನು ಆ ಡಬ್ಬಿಯನ್ನು ಬರೀ ತೊಳೆಯುವ ಪಾತ್ರೆಯಾಗಿ ನೋಡಿದ್ದೆ. "ಈಗ ಗೊತ್ತಾಯ್ತು. ಆದ್ರೂ ಬಾಯಲ್ಲಿ ಕೇಳ್ಬೇಕು ಅನ್ಸುತ್ತೆ" ಅಂದೆ. ಅಲ್ಲಿಗೆ ಬಿಟ್ಟೆ. ಒಂದೇ ಮಾತಿನಲ್ಲಿ ಮುಗಿಸುವುದು ಮುಖ್ಯ. ಎಳೆದರೆ ಹಳೆಯದೆಲ್ಲ ಹೊರಗೆ ಬರುತ್ತದೆ.

'ಕೇಳಿ ಪಡೆದ ಮಾತಿಗೆ ಏನು ಬೆಲೆ' ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಮಕ್ಕಳಿಗೆ ಹಿರಿಯರಿಗೆ ನಮಸ್ಕಾರ ಮಾಡುವುದನ್ನು ನಾವೇ ಹೇಳಿಕೊಟ್ಟೆವು. ಮೊದಲು ಹೇಳಿದ್ದಕ್ಕೆ ಮಾಡಿದರು, ಆಮೇಲೆ ತಾವಾಗಿ ಬಗ್ಗಿದರು. ಮೊದಲ ವಾರದ ಮಾತು ಒಪ್ಪಿಸಿದ ಹಾಗೇ ಇರುತ್ತದೆ. ಇರಲಿ ಬಿಡಿ, ಖುಷಿಯಿಂದ ತೆಗೆದುಕೊಳ್ಳಿ. "ನಾನು ಹೇಳಿದ್ದಕ್ಕೆ ತಾನೆ ಹೇಳ್ತಿರೋದು" ಅಂತ ಚುಚ್ಚಿದರೆ ಅಲ್ಲಿಗೆ ನಿಂತುಹೋಗುತ್ತದೆ.

ಹಿರಿಯರಿಂದ "ನಮ್ಮ ಕಾಲದಲ್ಲಿ ನಾವೇನು ಹೊಗಳಿಸ್ಕೊಂಡ್ವಾ?" ಅನ್ನುವ ಉತ್ತರ ಬರಬಹುದು. ವಾದಕ್ಕೆ ಇಳಿಯಬೇಡಿ. "ಆಗ ನಿಮ್ಮ ದಿನ ಹೇಗಿರ್ತಿತ್ತು?" ಅಂತ ಕೇಳಿ. ಬಾವಿ ನೀರು, ಸೌದೆ ಒಲೆ, ಒರಳು ಕಲ್ಲು, ಹನ್ನೆರಡು ಜನಕ್ಕೆ ಮುದ್ದೆ, ಎಲ್ಲ ಹೊರಗೆ ಬರುತ್ತದೆ. ಅವರಿಗೂ ಯಾರೂ ಹೇಳಿರಲಿಲ್ಲ. ಆ ನೋವೇ ಹಾಗೆ ಮಾತಾಡಿಸುತ್ತದೆ.

ಇನ್ನೊಂದು ಮಾತು. ಸಿಟ್ಟಿನಲ್ಲಿ "ನಾನೇನು ಈ ಮನೆ ಕೆಲಸದವಳಾ?" ಅನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ. ಅದನ್ನು ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳುವ ಇನ್ನೊಬ್ಬ ಹೆಂಗಸು ಇರುತ್ತಾಳೆ. ಅವಳಿಗೆ ಬರೀ ಒಳ್ಳೆ ಮಾತು ಸಾಲುವುದಿಲ್ಲ. ಸರಿಯಾದ ಸಂಬಳ, ವಾರಕ್ಕೊಂದು ರಜೆ, ಹಬ್ಬದ ಬೋನಸ್, ನಾವು ಕುಡಿಯುವ ಲೋಟದಲ್ಲೇ ಕಾಫಿ, ಇವೇ ಅವಳಿಗೆ ಸಲ್ಲಬೇಕಾದ ಮನ್ನಣೆ.

ಹೆಜ್ಜೆ 5: ಹೇಳುವವರಿಗೆ

ಈ ಭಾಗವನ್ನು ಮನೆಯವರಿಗೆ ಓದಿಸಿ.

ಕನ್ನಡದ ಮನೆಗಳಲ್ಲಿ 'ಧನ್ಯವಾದ' ಅನ್ನುವುದು ಮೈಕಿನ ಮುಂದಿನ ಮಾತು. ಹೆಂಡತಿಗೆ, ಅಮ್ಮನಿಗೆ ಹಾಗಂದರೆ ದೂರದವರಿಗೆ ಹೇಳಿದ ಹಾಗಾಗುತ್ತದೆ. ಥ್ಯಾಂಕ್ಸ್ ಕೂಡ ಕೆಲವು ಮನೆಗಳಲ್ಲಿ ಒಗ್ಗುವುದಿಲ್ಲ. ಒಗ್ಗದಿದ್ದರೆ ಬೇಡ. ನಮ್ಮಲ್ಲಿ ಬೇರೆ ದಾರಿಗಳಿವೆ. "ಇನ್ನೊಂದು ಸೌಟು ಹಾಕು" ಅನ್ನುವುದು ಒಂದು. "ನಿಂದು ಊಟ ಆಯ್ತಾ?" ಅಂತ ಕೈ ತೊಳೆಯುವ ಮೊದಲು ಕೇಳುವುದು ಇನ್ನೊಂದು. "ನೀನು ಕೂತ್ಕೋ, ನಾನು ಬಡಿಸ್ತೀನಿ" ಅಂದರಂತೂ ನೂರು ಥ್ಯಾಂಕ್ಸ್‌ಗೆ ಸಮ.

ಹೇಳುವಾಗ ಆ ಕೆಲಸದ ಹೆಸರು ಹಿಡಿದು ಹೇಳಿ. "ಎಲ್ಲ ಚೆನ್ನಾಗಿ ಮಾಡ್ತೀಯ" ಅನ್ನುವುದು ಗಾಳಿಯಲ್ಲಿ ಹೋಗುತ್ತದೆ. "ಪಲ್ಯಕ್ಕೆ ಕಾಯಿ ಇವತ್ತೇ ತುರಿದಿದ್ದಲ್ವಾ, ಗೊತ್ತಾಗುತ್ತೆ" ಅಂದರೆ ಮನಸ್ಸಿನಲ್ಲಿ ಉಳಿಯುತ್ತದೆ. ಅಡುಗೆ ಹೊಗಳುವುದು ಸುಲಭ, ನಾಲಿಗೆಗೆ ತಾಕುತ್ತದಲ್ಲ. ಕಾಣದ ಕೆಲಸ ಹುಡುಕಿ ಹೇಳಿ: "ಟವಲ್ ಒಗೆದಿಟ್ಟಿದ್ಯಾ", "ಸಿಲಿಂಡರ್ ಖಾಲಿಯಾಗೋ ಮೊದಲೇ ಬುಕ್ ಮಾಡಿದ್ಯಲ್ಲ, ಒಳ್ಳೇದಾಯ್ತು". ನೋಡಿದಿರಿ ಅನ್ನುವುದೇ ಅಲ್ಲಿ ದೊಡ್ಡದು.

"ಚೆನ್ನಾಗಿದೆ, ಆದ್ರೆ..." ಬೇಡ. ಉಪ್ಪಿನ ವಿಷಯ ಹೇಳಲೇಬೇಕಾದರೆ ಸಂಜೆ ಹೇಳಿ. 'ಅನ್ನಪೂರ್ಣೇಶ್ವರಿ', 'ನೀನಿಲ್ಲದೆ ಈ ಮನೆ ನಡೆಯಲ್ಲ' ಅನ್ನುವ ದೊಡ್ಡ ಮಾತುಗಳನ್ನು ನಾನು ಇಷ್ಟಪಡುವುದಿಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ದೇವರಿಗೆ ದಣಿವಾಗುವುದಿಲ್ಲ, ರಜೆಯೂ ಬೇಡ. ಆ ಪಟ್ಟ ಕಟ್ಟಿಸಿಕೊಂಡವಳು ಸೊಂಟ ನೋವು ಅನ್ನುವುದು ಹೇಗೆ?

ಗಂಡಸರು ಭಾನುವಾರ ಉಪ್ಪಿಟ್ಟು ಮಾಡಿದರೆ ಮನೆಯೆಲ್ಲ ಹೊಗಳುತ್ತದೆ. ದಿನಾ ಮಾಡುವವಳಿಗೆ ಅದು ಚುಚ್ಚುತ್ತದೆ. ಆ ಹೊಗಳಿಕೆ ಕಿತ್ತುಕೊಳ್ಳುವುದು ಬೇಡ, ಹೊಸದಾಗಿ ಕಲಿಯುವವರಿಗೆ ಅದು ಬೇಕು. ಹೊಗಳುವವರು ತಮ್ಮ ನಾಲಿಗೆಯನ್ನು ಸೋಮವಾರವೂ ಸ್ವಲ್ಪ ಆಡಿಸಿದರೆ ಸಾಕು.

ಹೆಜ್ಜೆ 6: ಮೂರು ವಾರವಾದರೂ ಏನೂ ಆಗದಿದ್ದರೆ

ಮುನಿಸಿಕೊಂಡು ಮಾತು ಬಿಡುವುದು, ಬೇಕಂತಲೇ ಅಡುಗೆ ಕೆಡಿಸುವುದು, ಇವುಗಳಿಂದ ಕೆಲಸ ಕಾಣಿಸುವುದಿಲ್ಲ, ಸಿಟ್ಟು ಮಾತ್ರ ಕಾಣಿಸುತ್ತದೆ. ಅದರ ಬದಲು ಮೊದಲೇ ಹೇಳಿ ಒಂದು ಕೆಲಸ ಬಿಟ್ಟುಕೊಡಿ. ಇಡೀ ಕೆಲಸ, ಅದರ ಯೋಚನೆಯ ಸಮೇತ. "ಬಟ್ಟೆ ಒಣಗಿಸಿ" ಅಂದರೆ ಹೇಳುವ ಕೆಲಸ ನಿಮ್ಮದೇ ಆಗಿ ಉಳಿಯುತ್ತದೆ. "ಮುಂದಿನ ತಿಂಗಳಿಂದ ಬಟ್ಟೆ ನಿಮ್ಮದು, ಸೋಪಿನ ಪುಡಿ ಮುಗಿದಿದ್ಯಾ ನೋಡೋದೂ ನಿಮ್ಮದೇ" ಅನ್ನಬೇಕು. ಯೂನಿಫಾರ್ಮ್ ಒಂದು ದಿನ ಒದ್ದೆಯಾಗಿರಬಹುದು. ತಡೆದುಕೊಳ್ಳಿ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಬೇಡಿ. ಮಾಡಿದವರಿಗೆ ಮಾತ್ರ ಆ ಕೆಲಸದ ತೂಕ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ನಿಜವಾದ ಬದಲಾವಣೆ ಬಂದದ್ದು ಈ ಹೆಜ್ಜೆಯಿಂದಲೇ.

ಒಂದು ವಿಷಯ ಮಾತ್ರ ಬೇರೆ. ಮನೆಯಲ್ಲಿ ಸದಾ ಹೀಯಾಳಿಸುವುದು, ಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು, ಹೆದರಿಸುವುದು ನಡೆಯುತ್ತಿದ್ದರೆ ಅದು ಮೆಚ್ಚುಗೆಯ ಕೊರತೆ ಅಲ್ಲ. ಈ ಮಾರ್ಗದರ್ಶಿಯ ಯಾವ ಹೆಜ್ಜೆಯೂ ಅದಕ್ಕೆ ಸಾಲುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಮಾತಿನ ಮತ್ತು ಹಣದ ಹಿಂಸೆಯನ್ನೂ ದೌರ್ಜನ್ಯ ಅಂತಲೇ ಹೇಳುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ನಮ್ಮ ಮನೆಯಲ್ಲಿ ಈಗ ಭಾನುವಾರದ ದೋಸೆ ಮಗನದ್ದು. ಅವನಿಗೆ ಹದಿನಾಲ್ಕು. ಶನಿವಾರ ಮಧ್ಯಾಹ್ನ ನೆನೆಹಾಕುವುದನ್ನು ಎರಡು ಸಲ ಮರೆತ. ಆ ಎರಡು ಭಾನುವಾರ ಅವಲಕ್ಕಿ ತಿಂದೆವು. ಈಗ ಮರೆಯುವುದಿಲ್ಲ. ಮೊದಲ ದೋಸೆ ಕಾವಲಿಗೆ ಅಂಟುತ್ತದೆ, ಎರಡನೆಯದನ್ನು ನನ್ನ ತಟ್ಟೆಗೆ ಹಾಕುತ್ತಾನೆ. ಹಾಕಿ, ಸೌಟು ಕೈಯಲ್ಲೇ ಹಿಡಿದು, ನಾನು ಮೊದಲ ತುತ್ತು ಮುರಿಯುವವರೆಗೆ ಅಲ್ಲೇ ನಿಂತಿರುತ್ತಾನೆ.

"ಅಂಚು ಒಳ್ಳೆ ಗರಿಗರಿಯಾಗಿ ಬಂದಿದೆ ಕಣೋ" ಅನ್ನುತ್ತೇನೆ. ಆಮೇಲೆಯೇ ಒಲೆ ಕಡೆ ತಿರುಗುತ್ತಾನೆ.